ಕಿವಿ ಮುಚ್ಚಿ ಕೇಳುವ ಮಾತು

ಇಚಲಕರಂಜಿಯ ನನ್ನ ಸೋದರಮಾವನ ದನಿ ಹೋಗುತ್ತಿದೆ ಎಂಬುದು ಏಳೆಂಟು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಹೀಗೆಂದರೆ ಜನ ನಂಬುವುದಿಲ್ಲ. ದಿನಾ ಇಪ್ಪತ್ತು ಮಂದಿಯೊಡನೆ ಮಾತಾಡುವ ಮನುಷ್ಯ ಅವನು. ಆದರೆ ಆ ಇಪ್ಪತ್ತೂ ಮಂದಿ ಅವನೊಡನೆ ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸ ಮಾಡುವವರು. ಅಲ್ಲಿ ದನಿಗೆ ಕೆಲಸವೇ ಇಲ್ಲ.

ಆ ಶೆಡ್ಡಿನಲ್ಲಿ ಲಾಳಿ ಬಡಿದು ಓಡುವ ಸದ್ದಿಗೆ ನಮ್ಮ ದನಿ ನಮಗೇ ಕೇಳಿಸುವುದಿಲ್ಲ. ಮೊದಲ ವಾರ ಎಲ್ಲರೂ ಕಿರುಚುತ್ತಾರಂತೆ, ಆಮೇಲೆ ಬಿಟ್ಟುಬಿಡುತ್ತಾರೆ. ಬರೇ ತುಟಿ ಆಡಿಸುತ್ತಾರೆ, ಬೆರಳು ತೋರಿಸುತ್ತಾರೆ. ಮಾವ ಅಲ್ಲಿ ಜಾಬರ್, ಅಂದರೆ ಕೆಟ್ಟ ಮಗ್ಗವನ್ನು ಸರಿಮಾಡುವವ. ಅವನು ಈ ಮೂಲೆಯಲ್ಲಿ ನಿಂತು ಆರು ಮಗ್ಗಗಳಾಚೆ ಇದ್ದವನ ಜೊತೆ ಬೀಗರ ಊರಿನ ಸುದ್ದಿ ಮಾತಾಡುವುದನ್ನು ನಾನು ಚಿಕ್ಕವಳಿದ್ದಾಗ ಬಾಗಿಲಲ್ಲಿ ನಿಂತು ಬೆರಗಾಗಿ ನೋಡಿದ್ದೇನೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಒಂದು ಮಾತೂ ಹೊರಬಿದ್ದಿರುತ್ತಿರಲಿಲ್ಲ.

ಹೀಗಾಗಿ ಮಾವನ ಗಂಟಲು ಒಡೆಯತೊಡಗಿದಾಗ ಶೆಡ್ಡಿನಲ್ಲಿ ಯಾರಿಗೂ ತಿಳಿಯಲಿಲ್ಲ. ತುಟಿ ಎಂದಿನಂತೆ ಆಡುತ್ತಿತ್ತಲ್ಲ. ಮನೆಯಲ್ಲಿ ಅತ್ತೆಗೆ ತಿಳಿಯಿತು, ಆದರೆ ಬೇರೆ ರೀತಿಯಲ್ಲಿ. ಮಗ್ಗದ ಮಂದಿ ಮನೆಗೆ ಬಂದರೆ ಓಣಿಗೆಲ್ಲ ಕೇಳುವಂತೆ ಮಾತಾಡುತ್ತಾರೆ. ಮದುವೆಯಾದಾಗಿನಿಂದ ಅದೇ ಜಗಳ ಅವರಿಬ್ಬರದು. ದನಿ ಸಣ್ಣಗಾಗುತ್ತ ಬಂದಾಗ ಅತ್ತೆ ಖುಷಿಪಟ್ಟಳು. ನಾನು ನನ್ನೂರು ಗಡಹಿಂಗ್ಲಜದಿಂದ ಹೋದಾಗ ನನ್ನೆದುರೇ ಅವನಿಗೆ ಹೇಳಿದ್ದಳು, “ಮುಪ್ಪಿನ ಕಾಲಕ್ಕರೆ ಸಾವಕಾಶ ಮಾತಾಡೂದು ಕಲತ್ರಿ ನೋಡ್ರಿ.” ಮಾವ ನಕ್ಕ. ಆ ನಗುವಿಗೂ ಸದ್ದಿರಲಿಲ್ಲ. ಗಾಳಿ ಹೋದ ಸೈಕಲ್ ಟ್ಯೂಬಿನ ಹಾಗೆ ಸುಸ್ಸೆಂದಿತು. ನಾನೂ ನಕ್ಕೆ.

ಕೊಲ್ಹಾಪುರದ ಆಸ್ಪತ್ರೆಗೆ ನಾವು ಹೋದದ್ದು ಅವನಿಗೆ ಅನ್ನ ನುಂಗಲು ಬರದಾದಾಗ. ಡಾಕ್ಟರು ತಂಬಾಕಿನ ಬಗ್ಗೆ ಕೇಳಿದರು. ಮಾವ ಹೆಂಡತಿಯ ಮುಖ ನೋಡಿದ. ಗಂಟಲಲ್ಲಿ ಕ್ಯಾನ್ಸರಿನ ಗಂಟು ಬೆಳೆದಿದೆ, ಅದರ ಜೊತೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇನ್ನು ಮುಂದೆ ಉಸಿರಾಟ ಕುತ್ತಿಗೆಯ ತೂತಿನಿಂದ ಎಂದು ಅವರು ಚಿತ್ರ ಬರೆದು ತಿಳಿಸಿದರು. ನಾಲಗೆ ಇರುತ್ತದೆ, ತುಟಿ ಇರುತ್ತದೆ, ಬಾಯಿಗೆ ಗಾಳಿ ಬರುವುದಿಲ್ಲ, ಅಷ್ಟೇ. ಅತ್ತೆ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಜೀವ ಉಳಿಯುತ್ತದೆಯೇ ಎಂದು ಅವಳು ಕೇಳಿದ್ದು ಎರಡನೆಯ ಪ್ರಶ್ನೆ. ಮೊದಲನೆಯದು, ನನ್ನ ಜೊತೆ ಹೇಗೆ ಮಾತಾಡುತ್ತಾರೆ ಎಂಬುದು.

ಜೀವ ಉಳಿಯಿತು. ಮಾತು ಉಳಿಯಲಿಲ್ಲ. ಮನೆಗೆ ಬಂದಮೇಲೆ ಮಾವ ತುಟಿ ಆಡಿಸುತ್ತಿದ್ದ, ಅತ್ತೆ ಮುಂದೆ ಬಾಗಿ ಬಾಗಿ ಕೇಳುತ್ತಿದ್ದಳು, ಏನೂ ತಿಳಿಯದೆ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಅವನ ಫೋನಿಗೆ, ಬರೆದದ್ದನ್ನು ಓದಿ ಹೇಳುವ ಆ್ಯಪ್ ಹಾಕಿಕೊಟ್ಟೆ. ಮಾವ ಕಲಿತದ್ದು ಮರಾಠಿ ಶಾಲೆ, ಕನ್ನಡ ಬರೆಯಲು ಬಾರದು. ನನ್ನದೂ ಅದೇ ಕಥೆ. ನನಗೆ ಕನ್ನಡ ಬಂದದ್ದು ಅವ್ವನ ಬಾಯಿಂದ, ಈ ಮಾವನ ಬಾಯಿಂದ; ಅಕ್ಷರ ಆಮೇಲೆ ತಿದ್ದಿದೆ. ಅವನು ಒತ್ತಿದ, ಫೋನು ಎಳೆಯ ಹೆಂಗಸಿನ ದನಿಯಲ್ಲಿ, ಶುದ್ಧ ಮರಾಠಿಯಲ್ಲಿ, ನೀರು ಕೇಳಿತು.

ಅತ್ತೆ ಚೊಂಬು ತಂದು ಅವನ ಮುಂದಿಟ್ಟು ನನ್ನ ಕಡೆ ತಿರುಗಿದಳು. “ನಲವತ್ತ ವರ್ಸ ನನಗ ಕನ್ನಡದಾಗ ಬೈದಾರ ಯವ್ವಾ. ಈಗ ಇವರ ಪರವಾಗಿ ನೀರ ಕೇಳಾಕ ಈಕಿ ಯಾರು?” ನಗೆ ಬಂತು, ನಗಲಿಲ್ಲ. ಆ ಫೋನು ಎರಡು ದಿನದಲ್ಲಿ ಕಪಾಟು ಸೇರಿತು.

ಶೆಡ್ಡಿಗೆ ಹೋಗಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅಲ್ಲಿ ಗಾಳಿಯಲ್ಲಿ ಸದಾ ನೂಲಿನ ಎಳೆಪುಡಿ ಹಾರುತ್ತದೆ, ಕುತ್ತಿಗೆಯ ತೂತಿಗೆ ಅದು ವಿಷ. ಆದರೆ ಹಳೆಯ ಮಗ್ಗಗಳು ಒಂದೊಂದೂ ಒಂದೊಂದು ಚಾಳಿಯವು. ಹೊಸ ಜಾಬರನಿಗೆ ಅವುಗಳ ಚಾಳಿ ಹೇಳಿಕೊಡಲು ಒಂದೇ ಸಲ ಬಂದು ಹೋಗಬೇಕೆಂದು ಮಾಲೀಕರು ಕೇಳಿಕೊಂಡರು. ಅತ್ತೆ ಒಂದು ಶರತ್ತು ಹಾಕಿದಳು: ತಾನೂ ಬರುತ್ತೇನೆ, ಕುತ್ತಿಗೆಗೆ ಒದ್ದೆ ಬಟ್ಟೆ ಕಟ್ಟುತ್ತೇನೆ, ಬಟ್ಟೆ ಒಣಗುವ ಮೊದಲು ಹೊರಗೆ. ಇಷ್ಟು ವರ್ಷ ಬಾಗಿಲವರೆಗೆ ಬಂದು ಊಟದ ಡಬ್ಬಿ ಕೊಟ್ಟವಳು ಒಳಗೆ ಕಾಲಿಟ್ಟದ್ದು ಅಂದೇ ಮೊದಲು. ನಾನೂ ಹೋದೆ.

ಒಳಗೆ ನೋಡಿದ್ದನ್ನು ಹೇಗೆ ಹೇಳಲಿ. ಇಪ್ಪತ್ತನಾಲ್ಕು ಮಗ್ಗ ಬಡಿಯುತ್ತಿವೆ. ಮಾವ ನಡುವೆ ನಿಂತು ತುಟಿ ಆಡಿಸುತ್ತಾನೆ, ಹೊಸ ಜಾಬರ್ ತಲೆಯಾಡಿಸುತ್ತಾನೆ. ಆ ಮೂಲೆಯವನು ಏನೋ ಕೇಳುತ್ತಾನೆ, ಮಾವ ಉತ್ತರ ಕೊಡುತ್ತಾನೆ, ನಾಲ್ಕು ಮಂದಿ ಮೈ ಕುಲುಕಿ ನಗುತ್ತಾರೆ. ಆ ಮಂದಿಗೆ ಮಾವನಲ್ಲಿ ಏನೂ ಕಡಿಮೆಯಾಗಿರಲೇ ಇಲ್ಲ. ಹೊಟ್ಟೆಪಾಡಿಗೆಂದು ಒಂದು ಯಂತ್ರದ ಎದುರು ನಿಂತ ಮಂದಿಯನ್ನು ಆ ಯಂತ್ರ ತನಗೆ ಬೇಕಾದ ಹಾಗೆ ತಿದ್ದಿತ್ತು. ಕಿವಿಯ ಕೆಲಸ ಕಿತ್ತುಕೊಂಡು ಕಣ್ಣಿಗೆ ಕೊಟ್ಟಿತ್ತು. ಡಾಕ್ಟರು ಕೊಯ್ದು ತೆಗೆದದ್ದು ಆ ಶೆಡ್ಡಿನಲ್ಲಿ ಎಂದೂ ಬೇಕಾಗಿರದ ವಸ್ತು.

ಆಗ ಮಾವ ಅತ್ತೆಯ ಕಡೆ ತಿರುಗಿ ಏನೋ ಹೇಳಿದ. ಅತ್ತೆ ತಟ್ಟನೆ ಸೆರಗು ಬಾಯಿಗಿಟ್ಟುಕೊಂಡಳು.

ಹೊರಗೆ ರಸ್ತೆಗೆ ಬಂದಮೇಲೆ ನನ್ನ ರಟ್ಟೆ ಹಿಡಿದಳು. “ತಿಳೀತು ಯವ್ವಾ ನನಗ. ‘ಹಿಂಗ್ಯಾಕ ನೋಡಾಕತ್ತಿ, ಗಂಡನ್ನ ನೋಡೇ ಇಲ್ಲೇನು’ ಅಂದ್ರು.” ಮಾವನನ್ನು ನೋಡಿದೆ. ಹೌದೆಂದು ತಲೆಯಾಡಿಸಿದ.

ಮನೆಗೆ ಬಂದರೆ ಮತ್ತೆ ಅದೇ. ತುಟಿ ಅದೇ, ಮಾತು ಅದೇ, ಅತ್ತೆಯ ತಲೆಗೆ ಒಂದೂ ಹತ್ತಲಿಲ್ಲ. ಎರಡು ದಿನ ಅದನ್ನೇ ಧ್ಯಾನಿಸಿದಳಂತೆ. ಮೂರನೆಯ ದಿನ ನನಗೆ ಫೋನು ಮಾಡಿ, ಗಂಭೀರವಾಗಿ, ಏನೋ ಕಂಡುಹಿಡಿದವರ ಹಾಗೆ ಹೇಳಿದಳು: “ಕಿವಿ ಅಡ್ಡ ಬರತೈತಿ. ಅವರು ಬಾಯಿ ತೆರದ್ರ ಸಾಕು, ಕಿವಿ ಮುಂದ ಹೋಗಿ ನಿಂದರತೈತಿ, ಕಣ್ಣಿಗೆ ಕೆಲಸಾನ ಮಾಡಗೊಡೂದಿಲ್ಲ.” ಶೆಡ್ಡಿನಲ್ಲಿ ಸದ್ದು ಆ ಕಿವಿಯನ್ನು ಬದಿಗೆ ಸರಿಸಿತ್ತು. ಮನೆಯಲ್ಲಿ ಸರಿಸುವವರು ಯಾರು? ದೇವರ ಕೋಣೆಯಲ್ಲಿ ಬತ್ತಿ ಹೊಸೆಯಲು ಇಟ್ಟ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡು ಮಾವನೆದುರು ಕೂತಿದ್ದಳಂತೆ.

ಮುಂದಿನ ತಿಂಗಳು ನಾನು ಬಸ್ಸಿಳಿದು ಹೋದಾಗ ಇಬ್ಬರೂ ಅಡಿಗೆಮನೆಯಲ್ಲಿ ಎದುರುಬದುರು ಕೂತು ಜೋರಾಗಿ ಜಗಳಾಡುತ್ತಿದ್ದರು. ದನಿ ಅತ್ತೆಯದೊಂದೇ. ಬದನೆಕಾಯಿಗೆ ಉಪ್ಪು ಹೆಚ್ಚಾಯಿತೆಂದು ಅವನ ವಾದ, ನಾಲಗೆ ಕೆಟ್ಟಿದೆ ಎಂದು ಅವಳದು. ನನ್ನನ್ನು ಕಂಡು ಮಾವ ಕೈಬೀಸಿ ಕರೆದು ಎದುರಿಗೆ ಕೂರಿಸಿಕೊಂಡ. ಅತ್ತೆ ಹತ್ತಿಯ ಎರಡು ಉಂಡೆ ನನ್ನ ಕೈಗೆ ಹಾಕಿದಳು. ಕಿವಿಗಿಟ್ಟುಕೊಂಡೆ. ಮನೆ ಸುಮ್ಮನಾಯಿತು. ಮಾವನ ತುಟಿ ಒಮ್ಮೆ ಆಡಿತು, ತಿಳಿಯಲಿಲ್ಲ. ಮತ್ತೊಮ್ಮೆ ಆಡಿತು. ಮೂರನೆಯ ಸಲಕ್ಕೆ ಆ ತುಟಿಗಳ ಮೇಲೆ ‘ಚಹಾ ಕುಡೀತಿಯೇನ’ ಎಂಬುದು ಬೆಳಗ್ಗಿನ ಬಿಸಿಲಿನಷ್ಟು ಸ್ಪಷ್ಟವಾಗಿ ಕಂಡಿತು.

ಕುಡಿಯುತ್ತೇನೆ, ಸಕ್ಕರೆ ಕಡಿಮೆ ಹಾಕು ಎಂದೆ ಅತ್ತೆಗೆ. ಕಿವಿಯಲ್ಲಿ ಹತ್ತಿಯಿದ್ದ ಅವಳಿಗೆ ಕೇಳಿಸಲಿಲ್ಲ, ನನ್ನ ತುಟಿಯ ರೂಢಿಯೂ ಅವಳಿಗಿಲ್ಲ. ಮಾವ ಅವಳ ಮೊಣಕೈ ತಟ್ಟಿ, ನಾನು ಹೇಳಿದ್ದನ್ನು ಅವಳಿಗೆ ಹೇಳಿದ. ಅತ್ತೆ ಎದ್ದು ಚಹಾಕ್ಕೆ ಇಟ್ಟಳು.