ಅತಿಥಿಗಳ ನೀರು ಕುಡಿದ ಕಾರು

ಮೊದಲ ಕೋಳಿ ಕೂಗುವ ಮುನ್ನ ಎದ್ದು ಪ್ರಾರ್ಥಿಸುವವಳು; ಆ ಪ್ರಾರ್ಥನೆಯಲ್ಲಿಯೂ ತನ್ನ ಹೆಸರನ್ನು ಕಡೆಗಿರಿಸಿ ನೆರೆಯ ಮುದುಕಿಯರ ಮೊಣಕಾಲುಗಳನ್ನು ಮೊದಲು ನೆನೆಯುವವಳು; ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿ ದುಡಿದು, ತನ್ನ ಕೈಗೆ ಬಂದ ಕೂಸುಗಳಲ್ಲಿ ಒಂದರ ಹೆಸರನ್ನೂ ಮರೆಯದವಳು; ಕೇದಗೆಯ ಎಲೆಯನ್ನು ದಾರದಷ್ಟು ಸಣ್ಣಗೆ ಸೀಳಿ ಚಾಪೆ ಹೆಣೆಯಬಲ್ಲವಳು; ಕೇಳಿದವರಿಗೆ ಇಲ್ಲವೆನ್ನದೆ, ಕೇಳದವರ ಮನೆಗೂ ಮೀನಿನ ಪಾಲು ಕಳುಹಿಸುವವಳು; ಎಲ್ಲಕ್ಕೂ ಮಿಗಿಲಾಗಿ, ದೇವರು ಆಕಾಶದಿಂದ ಇಳಿಸಿದ ನೀರಿನ ಒಂದು ಹನಿಯನ್ನೂ ವೃಥಾ ನೆಲಕ್ಕೆ ಬೀಳಗೊಡದವಳು. ಇಂತಹ ಹೆಣ್ಣುಮಗಳೊಬ್ಬಳು ಶಾಂತಸಾಗರದ ನಡುವಿನ ತರಾವಾ ದ್ವೀಪದ ಬಿಕೆನಿಬೆಯು ಎಂಬ ಊರಿನಲ್ಲಿ ಬಾಳುತ್ತಿದ್ದಾಳೆ. ಆಕೆಯ ಹೆಸರು ತೆಕಾರೆ; ಹೆಂಗಸರ ಹೆಸರಿಗೆ ಅಲ್ಲಿನವರು ಸೇರಿಸುವ ಗೌರವದ ನುಡಿಯೊಡನೆ, ನೇ ತೆಕಾರೆ. ಈ ಸದ್ಗುಣಗಳಲ್ಲಿ ಕಡೆಯದೇ ಆಕೆಯ ಕಾರಿನ ಪ್ರಾಣ ಹಿಂಡುತ್ತಿತ್ತೆಂಬುದು ಮಾತ್ರ ಬಹುಕಾಲ ಯಾರಿಗೂ ಹೊಳೆಯಲಿಲ್ಲ.

ಕಾರು ಜಪಾನಿನಿಂದ ಹಡಗೇರಿ ಬಂದದ್ದು. ತೆಕಾರೆಯ ಕೈಗೆ ಬರುವಷ್ಟರಲ್ಲಿ ಮೂವರು ಒಡೆಯರನ್ನು ಕಂಡಿತ್ತು. ಒಮ್ಮೆ ನೀಲಿಯಾಗಿದ್ದ ಅದರ ಮೈಯನ್ನು ಕಡಲಗಾಳಿ ಅಲ್ಲಲ್ಲಿ ಕಂದಾಗಿಸಿತ್ತು. ನಿವೃತ್ತಿಯ ಹಣದಿಂದ ಅದನ್ನು ಕೊಂಡ ದಿನದಿಂದ ಊರಿನ ಮುದುಕಿಯರ ಮಂಗಳವಾರದ ಆಸ್ಪತ್ರೆ, ಭಾನುವಾರದ ಆರಾಧನೆ, ಗುರುವಾರದ ಹಾಡಿನ ಅಭ್ಯಾಸ ಎಲ್ಲವೂ ಅದರ ನಾಲ್ಕು ಚಕ್ರಗಳ ಮೇಲೆಯೇ ನಡೆಯುತ್ತಿದ್ದವು. ಹಾಡಿನ ಗುಂಪಿನ ಹಿರಿಯಳಾದ ನೇ ಅಕೆನೆತೆಗೆ ಎಂಬತ್ತು ತುಂಬಿತ್ತು. ಬಸ್ಸಿನ ಎತ್ತರದ ಮೆಟ್ಟಿಲನ್ನು ಆಕೆಯ ಮೊಣಕಾಲುಗಳು ಏರಲೊಲ್ಲವು. ತೆಕಾರೆಯ ಕಾರು ಬಾರದ ವಾರ ಆಕೆಗೆ ಮನೆಯ ಜಗಲಿಯೇ ಗತಿ.

ಆದರೆ ಮೂರು ತಿಂಗಳಿಗೊಮ್ಮೆ, ತಪ್ಪಿದರೆ ನಾಲ್ಕಕ್ಕೊಮ್ಮೆ, ಕಾರು ಕುದಿಯುತ್ತಿತ್ತು. ನಡುರಸ್ತೆಯಲ್ಲಿ ಮೂತಿಯಿಂದ ಬಿಳಿಯ ಹಬೆಯನ್ನು ಉಗುಳಿ, ಒಮ್ಮೆ ನರಳಿ ನಿಂತುಬಿಡುತ್ತಿತ್ತು. ಮೊದಲ ಮೆಕ್ಯಾನಿಕ್ಕು ನೀರಿನ ಪಂಪು ಬದಲಿಸಿದ. ಅದರ ಬೆಲೆಗಾಗಿ ತೆಕಾರೆ ನಾಲ್ಕು ಚಾಪೆ ಹೆಣೆದು ಮಾರಿದಳು. ಎರಡನೆಯವನು ಎಂಜಿನ್ನಿನ ತಲೆಯನ್ನೇ ಬಿಚ್ಚಿ ಗ್ಯಾಸ್ಕೆಟ್ ಹಾಕಿದ. ಅದಕ್ಕೆ ಒಂಬತ್ತು ಚಾಪೆ, ಮೇಲೊಂದು ಹಂದಿಮರಿ. ಮೂರನೆಯವನು ಬಹಳ ಹೊತ್ತು ಒಳಗಿಣುಕಿ, "ಅಜ್ಜೀ, ಈ ಗಾಡಿಗೆ ಹಟ ಜಾಸ್ತಿ" ಎಂದು ಹೇಳಿ, ಆ ವಿದ್ವತ್ತಿಗೆ ಎರಡು ಚಾಪೆ ತೆಗೆದುಕೊಂಡು ಹೋದ. ಚಾಪೆಗಳು ಮುಗಿಯುತ್ತಿದ್ದವು, ಕುದಿ ಮಾತ್ರ ಮುಗಿಯುತ್ತಿರಲಿಲ್ಲ.

ಆಕೆಯ ತಮ್ಮ ಬನ್ವೇರನ ಹಂದಿಗೂಡನ್ನು ಆ ವರ್ಷದ ದೊಡ್ಡ ಉಬ್ಬರ ಕೊಚ್ಚಿಕೊಂಡು ಹೋಗಿತ್ತು. ಅವನ ಹೆಣ್ಣುಹಂದಿಗೆ ದಿನ ತುಂಬುತ್ತಿತ್ತು. ಒಂದು ಭಾನುವಾರ, ಊರವರು ಸಭೆ ಸೇರುವ ಮನೆಯಾಬವೆಂಬ ದೊಡ್ಡ ಚಾವಡಿಯಲ್ಲಿ ಹಿರಿಯರೆಲ್ಲ ತಮ್ಮ ತಮ್ಮ ಕಂಬಕ್ಕೆ ಒರಗಿ ಕುಳಿತಿರುವಾಗ ಅವನು ಎದ್ದು ಅಕ್ಕನ ಮುಂದೆ ಬಂದು ಕುಳಿತ.

"ಅಕ್ಕಾ, ನಿನ್ನ ಹತ್ರ ಒಂದು ಬುಬೂಸಿ ಕೇಳೋದಿದೆ."

 ರಕ್ತಸಂಬಂಧಿಯೊಬ್ಬನು ಬುಬೂಸಿಯೆಂದು ಬಾಯಿಬಿಟ್ಟು ಬೇಡಿದರೆ ಇಲ್ಲವೆನ್ನುವಂತಿಲ್ಲ. ಇಲ್ಲವೆಂದವಳು ಮತ್ತೆ ಆ ಮನೆಯಾಬದಲ್ಲಿ ತಲೆಯೆತ್ತಿ ಕೂರುವಂತಿಲ್ಲ.

"ಆ ಕಾರು ನನಗೆ ಕೊಡು. ಎಂಜಿನ್ ಬೇಡ, ಚಕ್ರ ಬೇಡ, ಬರೀ ಮೈ ಸಾಕು. ಹಂದಿಗೆ ಒಳ್ಳೆ ಮನೆ ಆಗತ್ತೆ. ಬಾಗಿಲು ಬೇರೆ ನಾಲ್ಕಿದೆ."

ಸಭೆಯಲ್ಲಿ ನಗೆಯೆದ್ದಿತು. ತೆಕಾರೆಯೂ ನಕ್ಕಳು, ನಗುತ್ತಲೇ ಯೋಚಿಸಿದಳು.

"ಕೊಟ್ಟೆ ಕಣೋ ತಮ್ಮಾ. ಇಲ್ಲ ಅಂದೋರು ಯಾರು? ಆದ್ರೆ ಜೀವ ಇರೋ ಗಾಡೀನ ಹಂದಿಗೆ ಕೊಟ್ರೆ ಪಾಪ ಬರತ್ತೆ. ಇನ್ನೊಂದು ಸಲ ಅದು ಕುದೀಲಿ. ಕುದಿದ ದಿನಾನೇ ನಿಂದು. ಹಗ್ಗ ತಂದು ಎಳಕೊಂಡು ಹೋಗು."

"ಹಿರಿಯರೇ, ಕೇಳಿಸ್ಕೊಂಡ್ರಲ್ಲಾ? ಕುದಿದ ದಿನಾನೇ!"

"ಕೇಳಿಸ್ತಪ್ಪಾ" ಎಂದರು ಹಿರಿಯರು. ಮಾತು ಕಂಬಕ್ಕೆ ಕಟ್ಟಿದಂತಾಯಿತು. ಅಂದಿನಿಂದ ಬನ್ವೇರನ ಮೋಟಾರುಬೈಕಿನ ಹಿಂಬದಿಯಲ್ಲಿ ಒಂದು ಹೊಸ ಹಗ್ಗ ಸುತ್ತಿಕೊಂಡೇ ಇರುತ್ತಿತ್ತು. ದಾರಿಯಲ್ಲಿ ಎದುರಾದಾಗಲೆಲ್ಲ, "ಅಕ್ಕಾ, ನನ್ನ ಹಂದಿಮನೆ ಚೆನ್ನಾಗಿದ್ಯಾ? ಸೀಟು ಹರೀಬೇಡ, ಮರಿಗಳಿಗೆ ಮೆತ್ತಗೆ ಬೇಕು!" ಎಂದು ಕೂಗಿ ಹೋಗುತ್ತಿದ್ದನು.

ಬೆಸಿಯೊ ಊರಿನಲ್ಲಿ ಚರ್ಚುಗಳ ಹಾಡಿನ ಸ್ಪರ್ಧೆಗೆ ಇನ್ನು ಮೂರು ವಾರವಿತ್ತು. ದ್ವೀಪದ ಈ ತುದಿಯಿಂದ ಆ ತುದಿಯವರೆಗೆ ಕಾರು ಒಮ್ಮೆಯೂ ಕುದಿಯದೆ ಓಡಬೇಕು. ಓಡದಿದ್ದರೆ ಕಾರು ಹಂದಿಗೆ, ಅಕೆನೆತೆ ಜಗಲಿಗೆ. ತೆಕಾರೆ ಪ್ರಾರ್ಥನೆಯನ್ನು ಇಮ್ಮಡಿ ಮಾಡಿದಳು.

ಪ್ರಾರ್ಥನೆಗೆ ಉತ್ತರವಾಗಿಯೋ ಎಂಬಂತೆ ಆ ವಾರವೇ ಆಕೆಯ ದೊಡ್ಡಮ್ಮನ ಮಗ ಕೌರಾಬಿ ಊರಿಗೆ ಮರಳಿದನು. ಹದಿನೇಳು ವರ್ಷ ಪರದೇಶದ ಸರಕುಹಡಗುಗಳ ಹೊಟ್ಟೆಯೊಳಗೆ ಎಂಜಿನ್ನುಗಳಿಗೆ ಎಣ್ಣೆ ಹಾಕಿಕೊಂಡಿದ್ದವನು. ಮಾತು ಕಡಮೆ, ಕಿವಿ ಚುರುಕು. ಅವನು ಕಾರಿನ ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಹಾಕಿ ಹೊರತೆಗೆದಾಗ, ಬೆರಳ ತುದಿ ಸುಣ್ಣದ ಡಬ್ಬಿಗೆ ಅದ್ದಿದಂತೆ ಬೆಳ್ಳಗಾಗಿತ್ತು.

"ಅಕ್ಕಾ, ಇದಕ್ಕೆ ಯಾವ ನೀರು ಹಾಕ್ತೀಯ?"

"ಬಾವಿ ನೀರು. ಇನ್ಯಾವುದು ಹಾಕ್ಲಿ? ಡಿಕ್ಕೀಲೂ ಎರಡು ಕ್ಯಾನು ಇಟ್ಕೊಂಡಿರ್ತೀನಿ, ದಾರೀಲಿ ಬಾಯಾರೀತು ಅಂತ."

"ನೀನು ಬಾವಿ ನೀರು ಕುಡೀತೀಯಾ?"

"ಛೀ! ಹೊಟ್ಟೇಲಿ ಕಲ್ಲು ಬೆಳೆಯತ್ತೆ. ಕೇದಗೆ ಎಲೆ ಬೇಯಿಸೋ ಆ ಪಾತ್ರೆ ನೋಡು, ಒಳಗೆ ಬೆರಳು ದಪ್ಪ ಕಲ್ಲು ಕೂತಿದೆ. ಬಡಿದ್ರೂ ಬಿಡಲ್ಲ."

ಹೇಳುತ್ತ ಹೇಳುತ್ತ ತೆಕಾರೆಯ ದೃಷ್ಟಿ ಒಲೆಯ ಮೇಲಿದ್ದ ಪಾತ್ರೆಯಿಂದ ಕೌರಾಬಿಯ ಬೆರಳಿಗೂ, ಅಲ್ಲಿಂದ ಕಾರಿನ ಮೂತಿಗೂ ಸರಿಯಿತು.  ಮೂರು ಮಂದಿ ಮೆಕ್ಯಾನಿಕ್ಕುಗಳು ಕಾಣದುದನ್ನು ಆಕೆ ತನ್ನ ಎಲೆ ಬೇಯಿಸುವ ಪಾತ್ರೆಯಲ್ಲಿ ಕಂಡಳು. ಹವಳದ ನೆಲದ ಬಾವಿಯ ಉಪ್ಪೂ ಸುಣ್ಣವೂ ಆ ಸಣ್ಣ ಕೊಳವೆಗಳೊಳಗೆ ಪದರಪದರವಾಗಿ ಕೂತು ದಾರಿ ಮುಚ್ಚುತ್ತಿದ್ದವು. ಕುದಿದಾಗಲೆಲ್ಲ ಆಕೆಯೇ ಮತ್ತೆ ಕರುಣೆಯಿಂದ ಅದನ್ನೇ ಸುರಿಯುತ್ತಿದ್ದಳು.

"ನಾನೇ ಅದಕ್ಕೆ ಕಲ್ಲು ತಿನ್ನಿಸ್ತಿದ್ದೆನಾ?"

"ಹಡಗಲ್ಲಿ ನಮಗೆ ಕುಡಿಯೋಕೆ ಕೊಡೋ ನೀರಿಗಿಂತ ಎಂಜಿನ್ನಿಗೆ ಕೊಡೋ ನೀರು ಶುದ್ಧ ಅಕ್ಕಾ. ಮೊದಲು ಈ ಕಲ್ಲು ಕರಗಬೇಕು. ಹುಳಿ ಬೇಕು. ಚೆನ್ನಾಗಿ ಹುಳಿ ಹತ್ತಿದ ಕಳ್ಳು ಇದ್ಯಾ?"

ತೆಕಾರೆ ನೆಟ್ಟಗಾದಳು. "ಈ ಮನೇಲಿ ಬೆಳಿಗ್ಗೆ ಇಳಿಸಿದ ಸಿಹಿ ಕಳ್ಳು ಬಿಟ್ರೆ ಬೇರೆ ಇಲ್ಲ. ಪಾದ್ರಿಗಳು ಬಂದು ಹುಡುಕಿದ್ರೂ ಸಿಗಲ್ಲ."

ಹಿಂದುಗಡೆ ಆಕೆಯ ಗಂಡ ಬರಾನಿಕೊ ಕೆಮ್ಮಿದನು. ದಿನಕ್ಕೆರಡು ಬಾರಿ ತೆಂಗಿನ ಮರವೇರಿ, ಹಾಡಿಕೊಂಡು ಹೊಂಬಾಳೆ ಸವರಿ ಕಳ್ಳಿಳಿಸುವ ಸಾಧು ಮನುಷ್ಯ. ದೋಣಿಯ ಕೊಟ್ಟಿಗೆಯ ಹಿಂದೆ ಹೋಗಿ ಒಂದು ಸೀಸೆ ತಂದನು.

"ಮರೆತು ಉಳಿದುಬಿಟ್ಟಿತ್ತು."

"ಒಂದು ಸಾಲದು ಭಾವಾ" ಎಂದನು ಕೌರಾಬಿ.

ಬರಾನಿಕೊ ಹೋಗಿ ಎರಡನೆಯದನ್ನು ತಂದನು. ಕೌರಾಬಿ ತಲೆಯಲ್ಲಾಡಿಸಿದನು. ಮೂರನೆಯದು ಬಂದಿತು, ನಾಲ್ಕನೆಯದೂ ಬಂದಿತು. ಆರನೆಯ ಸೀಸೆಯನ್ನು ಇಡುವಾಗ ಬರಾನಿಕೊ ಹೆಂಡತಿಯ ಮುಖ ನೋಡಲಿಲ್ಲ.

"ಎಷ್ಟೊಂದು ಮರೆವು ನಿಮಗೆ!" ಎಂದಳು ತೆಕಾರೆ.

"ವಯಸ್ಸಾಯ್ತಲ್ಲೇ."

ಎರಡು ಹಗಲು ಕಾರು ಹುಳಿ ಕುಡಿದು ನಿಂತಿತು. ಆ ಹಾದಿಯಲ್ಲಿ ಬಂದ ಪಾದ್ರಿಗಳು ಮೂಗರಳಿಸಿ ನಿಂತು, ಬರಾನಿಕೊನನ್ನು ನೋಡಿ, ಕಾರನ್ನು ನೋಡಿ, "ಇಬ್ಬರಲ್ಲಿ ಯಾರು?" ಎಂದು ಕೇಳಿದರಂತೆ. ಮೂರನೆಯ ದಿನ ಕೊಳವೆ ಬಿಚ್ಚಿದಾಗ ಹಾಲಿನಂತಹ ನೀರೂ, ಅದರೊಡನೆ ಮೊಟ್ಟೆಯ ಚಿಪ್ಪಿನಂತಹ ಚೂರುಗಳೂ ಹೊರಬಿದ್ದವು.

ಆಗ ಕೌರಾಬಿ ಕೈ ಒರೆಸಿಕೊಂಡು, ತೆಕಾರೆಯ ಮುಂದೆ ಮಣ್ಣಿನಲ್ಲೇ ಕುಳಿತು ಮೆಲ್ಲನೆ ನುಡಿದನು. "ಅಕ್ಕಾ, ಒಂದು ಬುಬೂಸಿ. ನಿನ್ನ ತೊಟ್ಟಿಯ ಮಳೆನೀರು ಎರಡು ಬಕೆಟ್ ಕೊಡು."

ಮಳೆ ಬಂದು ಏಳು ವಾರವಾಗಿತ್ತು. ತೊಟ್ಟಿಯ ನಲ್ಲಿಗೆ ತೆಕಾರೆ ಹಾಕಿದ್ದ ಬೀಗದ ಕೈ ಆಕೆಯ ಕೊರಳಲ್ಲಿ, ಶಿಲುಬೆಯ ಪಕ್ಕದಲ್ಲಿಯೇ ತೂಗುತ್ತಿತ್ತು. ಆ ನೀರಿಗೊಂದು ಸರದಿಯಿತ್ತು: ಮೊದಲು ಕೂಸುಗಳಿಗೆ, ಆಮೇಲೆ ರೋಗಿಗಳಿಗೆ, ಆಮೇಲೆ ಅತಿಥಿಗಳಿಗೆ, ಉಳಿದರೆ ಮನೆಯವರಿಗೆ. ಕಬ್ಬಿಣಕ್ಕೆ ಅದರಲ್ಲಿ ಸ್ಥಾನವಿರಲಿಲ್ಲ.

"ಕೌರಾಬೀ, ಬೇರೆ ಏನಾದ್ರೂ ಕೇಳಪ್ಪಾ. ಚಾಪೆ ಕೇಳು. ಬರಾನಿಕೊನ ದೋಣಿ ಕೇಳು."

"ನನ್ನ ದೋಣಿ ಯಾಕೆ?" ಎಂದನು ಬರಾನಿಕೊ.

"ಬಾವಿ ನೀರು ಹಾಕಿದ್ರೆ ಮತ್ತೆ ಕಲ್ಲೇ. ನಾನು ಕೇಳಿದ್ದು ಬುಬೂಸಿ ಅಕ್ಕಾ."

ತೆಕಾರೆ ಕೊರಳಿನ ಕೀಲಿಯನ್ನು ಹಿಡಿದುಕೊಂಡು ಕಾರಿನತ್ತ ನೋಡಿದಳು. ಮೂರು ವರ್ಷಗಳಿಂದ ಅದು ಒಮ್ಮೆಯೂ ಬೈಯದೆ, ಹಾಕಿದ್ದನ್ನು ಕುಡಿದು ಊರಿನ ಅಜ್ಜಿಯರನ್ನು ಹೊತ್ತಿತ್ತು. ದೂರದೇಶದಿಂದ ಕಡಲು ದಾಟಿ ಬಂದದ್ದು. ಈ ನೆಲದಲ್ಲಿ ತನ್ನವರೆಂಬವರಿಲ್ಲದ್ದು. ಹಾಗೆ ಬಂದವರನ್ನು ಏನೆಂದು ಕರೆಯುತ್ತಾರೆ?

ಆಕೆ ಬೀಗ ತೆಗೆದಳು. ಎರಡು ಬಕೆಟ್ ತುಂಬಿಸಿದಳು. ಸುರಿಯುವಾಗ ಒಂದು ಹನಿ ಬಂಪರಿನ ಮೇಲೆ ಬಿದ್ದುದನ್ನು ಬೆರಳಿನಿಂದ ತೆಗೆದು ತನ್ನ ಹಣೆಗೆ ಹಚ್ಚಿಕೊಂಡಳು. "ಕುಡಿ ಮಗಾ, ಅತಿಥಿಗಳ ನೀರು. ಇನ್ನು ಕುದಿದ್ರೆ ನಿನಗೂ ನನಗೂ ಮರ್ಯಾದೆ ಇಲ್ಲ."

ಸ್ಪರ್ಧೆಯ ದಿನ ಬಿಳಿಯ ಉಡುಪಿನ ನಾಲ್ವರು ಮುದುಕಿಯರು ಕಾರೇರಿದರು. ಮುಂದಿನ ಸೀಟಿನಲ್ಲಿ ಅಕೆನೆತೆ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟುಕೊಂಡು. ಹಿಂದೆ ಬೈಕಿನಲ್ಲಿ ಬನ್ವೇರ, ಹಗ್ಗದೊಡನೆ.

"ಅಜ್ಜಿಯರೇ, ಬೈರಿಕಿ ದಾಟಿದ್ರೆ ನನ್ನ ಹೆಸರು ಬೇರೆ ಇಡಿ!"

"ಹಂದಿ ಹೆಸರೇ ಇಡ್ತೀವಿ, ಸುಮ್ನೆ ಬಾರೋ!" ಎಂದಳು ಅಕೆನೆತೆ.

ಸೇತುವೆಗೆ ಮುಂಚಿನ ಊರಾದ ಬೈರಿಕಿಯನ್ನು ಕಾರು ದಾಟಿತು. ಮುಳ್ಳು ಅರ್ಧದಲ್ಲಿಯೇ ಮಲಗಿತ್ತು. ಬೆಸಿಯೊಗೆ ಹೋಗುವ ಉದ್ದನೆಯ ಕಡಲಸೇತುವೆಯ ಮೇಲೆ ಬಂದಾಗ ಉಬ್ಬರ ತುಂಬಿತ್ತು. ನಡುದಾರಿಯಲ್ಲಿ ಕಾರಿನ ಮೂತಿಯ ಮುಂದೆ ಒಮ್ಮೆಲೇ ಬಿಳಿಯ ಮೋಡವೊಂದು ಭುಸ್ಸೆಂದು ಎದ್ದಿತು. ಮುದುಕಿಯರು ಹಾಡು ನಿಲ್ಲಿಸಿದರು. ತೆಕಾರೆಯ ಕೈ ಕೊರಳಿನ ಕೀಲಿಗೆ ಹೋಯಿತು. ಹಿಂದಿನಿಂದ ಬನ್ವೇರ ಹಾರನ್ನು ಒತ್ತಿಹಿಡಿದು, "ನಂದು! ನಂದು!" ಎಂದು ಕೂಗುತ್ತ ಮುನ್ನುಗ್ಗಿ ಬಂದನು.

"ತೆಕಾರೇ, ಮುಳ್ಳು ಅಲ್ಲಾಡಿಲ್ಲ ಕಣೇ" ಎಂದಳು ಅಕೆನೆತೆ. "ಇದು ಹಬೆ ಅಲ್ಲ. ನಾಲಿಗೆಗೆ ಉಪ್ಪು ಹತ್ತಿತು."

ಸೇತುವೆಯ ಗೋಡೆಗೆ ಬಡಿದ ಅಲೆಯದು. ಹಿಂದೆಯೇ ಬಂದ ಎರಡನೆಯ ಅಲೆ, ಇನ್ನೂ ದೊಡ್ಡದು, ನೇರವಾಗಿ ಬನ್ವೇರನ ಮೇಲೆ ಇಳಿಯಿತು. ಕಾರು ಒರೆಸುಕಡ್ಡಿಗಳನ್ನು ಎರಡು ಸಲ ಆಡಿಸಿ ಮುಂದೆ ಹೋಯಿತು; ಬೈಕು ಎರಡು ಸಲ ಕೆಮ್ಮಿ ನಿಂತಿತು.

ತೆಕಾರೆ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿದಳು. ತಮ್ಮ ತಲೆಯಿಂದ ಕಾಲಿನವರೆಗೆ ತೊಟ್ಟಿಕ್ಕುತ್ತ ನಿಂತಿದ್ದನು.

"ಹಗ್ಗ ತಂದಿದ್ಯೇನೋ ತಮ್ಮಾ?"

ಬನ್ವೇರ ಹಗ್ಗವನ್ನು ನೋಡಿದನು, ಕಾರನ್ನು ನೋಡಿದನು, ಆಮೇಲೆ ತಾನೇ ಮೊದಲು ನಕ್ಕನು. ಹಾಗೆ ನೀಲಿ ಕಾರು ಬೆಸಿಯೊ ಹೊಕ್ಕದ್ದು ಹಿಂದೊಂದು ಬೈಕನ್ನು ನಿಧಾನವಾಗಿ ಎಳೆದುಕೊಂಡು, ಒಳಗಿನ ನಾಲ್ಕು ಮುದಿ ಕೊರಳುಗಳು ಕಿಟಕಿಯಾಚೆಗೂ ಕೇಳುವಂತೆ ಹಾಡುತ್ತಿರುವಾಗ. ಸ್ಪರ್ಧೆಯಲ್ಲಿ ಅವರಿಗೆ ಮೂರನೆಯ ಸ್ಥಾನ ಬಂದಿತು. ತೀರ್ಪುಗಾರರಿಗೆ ಕಿವಿ ಮಂದವೆಂದು ಅಕೆನೆತೆ ಇಂದಿಗೂ ಹೇಳುತ್ತಾಳೆ.

ಎರಡನೆಯ ಮೆಕ್ಯಾನಿಕ್ಕನ ಅಂಗಳದಲ್ಲಿ ಸತ್ತ ಕಾರುಗಳಿಗೆ ಬರವಿರಲಿಲ್ಲ. ಒಂಬತ್ತು ಚಾಪೆಗಳನ್ನು ಅವನಿಗೆ ನೆನಪಿಸಿ ತೆಕಾರೆಯೇ ಅದರಲ್ಲೊಂದನ್ನು ತಮ್ಮನಿಗೆ ಕೊಡಿಸಿದಳು. ಹಂದಿ ಅದರಲ್ಲಿ ಹನ್ನೊಂದು ಮರಿ ಹಾಕಿತು. ಈಗ ಆಕೆಯ ತೊಟ್ಟಿಯ ಸರದಿಯಲ್ಲಿ ಅತಿಥಿಗಳ ಸಾಲಿಗೆ ಒಬ್ಬರು ಹೆಚ್ಚಾಗಿದ್ದಾರೆ. ತಿಂಗಳಿಗೊಮ್ಮೆ ಒಂದು ಲೋಟ ನೀರು ಅವರ ಪಾಲು. ಹೊಸ ಚಾಪೆಗಳು ಮಾರಾಟಕ್ಕೆ ಹೋಗದೆ ಮೊಮ್ಮಗಳ ಮದುವೆಗೆಂದು ಅಟ್ಟದಲ್ಲಿ ಸುರುಳಿ ಸುತ್ತಿ ಕೂತಿವೆ.

ಆ ತಾಯಿಯ ಮಾಡಿನ ಮೇಲೆ ಮೋಡಗಳು ತಡವಿಲ್ಲದೆ ಇಳಿಯಲಿ, ತೊಟ್ಟಿ ತುಳುಕಲಿ, ಬರಾನಿಕೊನ ಮರಗಳು ಸಿಹಿ ಸುರಿಸಲಿ, ಅವನ ಮರೆವು ಮಿತಿಯಲ್ಲಿರಲಿ, ಕಾರಿನ ಮುಳ್ಳು ಅರ್ಧವನ್ನು ಮೀರದಿರಲಿ. ನೇ ತೆಕಾರೆಗೂ, ಆಕೆಯ ಚಾಪೆಯ ಮೇಲೆ ಕುಳಿತು ಉಣ್ಣುವ ಎಲ್ಲರಿಗೂ ದೇವರು ಆರೋಗ್ಯವನ್ನೂ ಶಾಂತಿಯನ್ನೂ ಸಮೃದ್ಧಿಯನ್ನೂ ಅನುಗ್ರಹಿಸಲಿ.