ಮದ್ದೂರಿನ ಮೋಟಾರು ಅಂಗಡಿಯ ಸರದಿ

ವ್ಯಾನಿನ ಸ್ಟಾರ್ಟರ್ ಮೋಟಾರಿನ ರಿಪೇರಿಗೆ ಮದ್ದೂರಿನಲ್ಲಿ ಆರುನೂರು ಹಿಡಿಯಿತು. ಅಂಗಡಿಯವನು ಎಂಟುನೂರು ಕೇಳಿದ್ದ, ಬಿಚ್ಚಿದಾಗ ಸವೆದದ್ದು ಕಾರ್ಬನ್ ಬ್ರಶ್ ಮಾತ್ರ ಎಂದು ಕಂಡಿದ್ದರಿಂದ ಇಳಿಸಿದೆ.

ಮಂಡ್ಯದಿಂದ ಮಳವಳ್ಳಿಗೆ ಮದುವೆ ಅಡುಗೆಯ ಪಾತ್ರೆ, ದಿನಸಿ ತುಂಬಿಕೊಂಡು ಹೊರಟಿದ್ದೆ. ಮದ್ದೂರಿನಲ್ಲಿ ಟೀಗೆ ನಿಲ್ಲಿಸಿದ ಹಳೆಯ ವ್ಯಾನು ಮತ್ತೆ ಸ್ಟಾರ್ಟ್ ಆಗಲಿಲ್ಲ. ಸಂಜೆಗೆ ಊಟ ಬಡಿಸಬೇಕು. ಎದುರಿಗೇ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿಯಿತ್ತು. ಅಲ್ಲಿ ನನಗಿಂತ ಮೊದಲು ಒಬ್ಬರು ರೈತರು ಕೂತಿದ್ದರು. ಮಧ್ಯಾಹ್ನ ತ್ರೀ ಫೇಸ್ ಕರೆಂಟು ಬರುವುದರೊಳಗೆ ಅವರ ಮೋಟಾರು ಗದ್ದೆ ಸೇರಬೇಕಿತ್ತು.

ಇನ್ನೂರು ರೂಪಾಯಿ ತೆಗೆದು, "ನಿಮ್ಮ ಸರದಿ ನನಗೆ ಕೊಡಿ" ಎಂದೆ.

"ದುಡ್ಡು ನೀವೇ ಮಡಿಕ್ಕಳಿ ಸೋಮಿ. ಸರದಿ ಏನು ಸಂತೇಲಿ ಮಾರೋ ಕುರಿಯಾ?"

ಮುಖ ತಿರುಗಿಸಿದವರಿಗೆ ವ್ಯಾನಿನೊಳಗಿನ ಕೊಪ್ಪರಿಗೆ ಕಂಡಿತು. "ಯಾರ ಮನೆ ಮದ್ವೆ?"

"ಮಳವಳ್ಳಿಯಲ್ಲಿ, ಹೆಣ್ಣಿನ ಮನೆಯವರದು."

"ಅದ ಮೊದ್ಲೇ ಯೋಳ್ಬಾರ್ದಾ? ಎಣ್ಣಿನ ಕಡೆಯೋರು ಮರ್ವಾದಿ ಕಳ್ಕತಾರೆ." ಅಂಗಡಿಯವನತ್ತ ತಿರುಗಿದರು. "ಲೇ ಸಿದ್ದ, ನಂದು ಅತ್ಲಾಗ್ ಮಡುಗ್ಲಾ, ಇವ್ರುದು ಬಿಚ್ಚು. ಗದ್ದೆ ನಾಳೆಗಂಟ ತಡ್ಕತದೆ."

ನಾನು ಹೊರಡುವಾಗ ಕರೆಂಟಿನ ಹೊತ್ತು ಮೀರಿತ್ತು. ಮದುವೆ ಊಟಕ್ಕೆ ಬನ್ನಿ ಎಂದು ರೈತರನ್ನು ಕರೆದೆ.

"ಕರಿಯಕ್ಕೆ ನೀವ್ಯಾರು, ಅಡ್ಗೆಯೋರು?" ಎಂದು ನಕ್ಕರು.

ಹಳೆಯ ವ್ಯಾನಿನವರು ಒಂದು ಜೊತೆ ಕಾರ್ಬನ್ ಬ್ರಶ್ ಇಟ್ಟುಕೊಂಡೇ ಹೊರಡಿ. ಅಂಗಡಿಯವನ ಹತ್ತಿರ ಬೇಕಾದಷ್ಟು ಚೌಕಾಸಿ ಮಾಡಿ. ನಿಮಗಿಂತ ಮೊದಲು ಬಂದು ಕೂತವರ ಹತ್ತಿರ ಮಾತ್ರ ಜೇಬಿಗೆ ಕೈ ಹಾಕಬೇಡಿ. ಎಲ್ಲಿಗೆ, ಯಾಕೆ ಹೊರಟಿದ್ದೀರಿ ಎಂದು ಹೇಳಿ.