ಹೊಗೆಸೊಪ್ಪಿನ ಕಡ್ಡಿಗಳ ಪರದೆ

ಡಿಸೈನ್ ಕಾಲೇಜಿನ ಮೊದಲ ವರ್ಷ ಸ್ಟುಡಿಯೊದಲ್ಲಿ ಬಿಸಿಲು ಸೋಸುವ ಪರದೆಯೊಂದನ್ನು ಮಾಡಿ ಎಂದಿದ್ದರು. ಉಳಿದವರು ಅಂಗಡಿಯಿಂದ ಬಿಳಿ ರಟ್ಟು ತಂದರು. ನಾನು ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿನಿಂದ ಹೊಗೆಸೊಪ್ಪು ಕಟ್ಟುವ ಕಡ್ಡಿಗಳ ಹೊರೆಯನ್ನೇ ಬಸ್ಸಿಗೆ ಹಾಕಿಕೊಂಡು ಬಂದೆ. ತುದಿಗಳಿಗೆ ನೀಲಿ ಬಣ್ಣ ಹಚ್ಚಿ, ಅವ್ವ ಸೊಪ್ಪು ಕಟ್ಟುವ ಹಾಗೆಯೇ ದಾರ ಸುತ್ತಿ ಹೆಣೆದೆ. ಸೊಪ್ಪನ್ನು ತೂಗುಹಾಕಿ ಬೆಂಕಿಯ ಕಾವಿನಲ್ಲಿ ಬೇಯಿಸುವ ನಮ್ಮ ಬ್ಯಾರನ್ನಿನ ವಾಸನೆ ಸ್ಟುಡಿಯೊದ ತುಂಬ ಹರಡಿತು. ಗೆಳತಿಯರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಹೊಟ್ಟೆ ತುಂಬಿದಂತಿತ್ತು.

ಈಗ ಕೊನೆಯ ವರ್ಷ. ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮಾಡುತ್ತೇನೆ, ಯಾವುದಕ್ಕೂ ವಾಸನೆಯಿಲ್ಲ. ಆ ಪರದೆಯನ್ನು ಇನ್ನೊಮ್ಮೆ ಮುಟ್ಟಬೇಕೆನಿಸಿ ರಜೆಗೆ ಊರಿಗೆ ಹೋದೆ. ಆ ವರ್ಷವೇ ಊರಿಗೆ ಒಯ್ದು ಕೊಟ್ಟಿಗೆಯಲ್ಲಿ ಇಟ್ಟಿದ್ದ ಪರದೆ ಅಲ್ಲಿರಲಿಲ್ಲ.

"ಈ ಸಲ ಸೊಪ್ಪು ಜಾಸ್ತಿ ಬಂತು, ಕಡ್ಡಿ ಸಾಲ್ಲಿಲ್ಲ ಕಣವ್ವ. ಬಿಚ್ಕಂಡೆ," ಅಂದಳು ಅವ್ವ.

ಸಿಟ್ಟು ನೆತ್ತಿಗೇರಿತು. ಬ್ಯಾರನ್ನಿನೊಳಗೆ ಹೋದೆ. ಸೂರಿನವರೆಗೂ ಕಡ್ಡಿಗಳಲ್ಲಿ ಹಸಿ ಸೊಪ್ಪು ತೂಗುತ್ತಿತ್ತು. ಕತ್ತೆತ್ತಿ ನೋಡಿದೆ. ಅಲ್ಲೊಂದು ನೀಲಿ ತುದಿ ಕಂಡಿತು, ಅದರ ಮೇಲಿನ ಸಾಲಿನಲ್ಲಿ ಇನ್ನೊಂದು.

"ಈಚ್ಗೆ ಬಾ, ಬೆಂಕಿ ಹಾಕ್ಬೇಕು," ಅವ್ವ ಬಾಗಿಲಲ್ಲಿ ನಿಂತು ಕರೆದಳು.

"ತಡಿ ಅವ್ವ," ಅಂದೆ. ಇನ್ನೂ ಎಷ್ಟೋ ನೀಲಿ ತುದಿಗಳು ಸಿಕ್ಕಿರಲಿಲ್ಲ.